ಬಿಸಿಲು ಅಳೆಯುವ ನೆರಳಕ್ಕ

ಇನ್ನೂ ಬೆಳಕು ಹರಿದಿಲ್ಲ. ಬಸ್ ನಿಲ್ದಾಣದ ನಾಲ್ಕು ದೊಡ್ಡ ಮರಗಳ ಕೆಳಗೆ ನಡುವಯಸ್ಸಿನ ಹೆಂಗಸೊಬ್ಬರು ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಅದರ ತುದಿಗೆ ಬೂದು ಬಣ್ಣ ಬಳಿದ ಟೇಬಲ್ ಟೆನಿಸ್ ಚೆಂಡು ಸಿಕ್ಕಿಸುತ್ತಿದ್ದಾರೆ. ಚೆಂಡಿನೊಳಗೆ ಪುಟ್ಟ ತಾಪಮಾಪಕ; ಅಲ್ಲಿ ನಿಂತವರ ಮೈಗೆ ಎಷ್ಟು ಕಾವು ತಗಲುತ್ತದೆಂದು ಅದು ಹೇಳುತ್ತದೆ. ಜೋರಾಗಿ ಬರುತ್ತಿದ್ದ ಸ್ಕೂಟರ್ ಸವಾರನೊಬ್ಬ ಅದನ್ನು ಕಂಡದ್ದೇ ದಡಬಡಿಸಿ ವೇಗ ಇಳಿಸಿ, ಹೆಲ್ಮೆಟ್ ಸರಿಮಾಡಿಕೊಂಡು, ಬಲು ಸಭ್ಯನಂತೆ ದಾಟಿಹೋಗುತ್ತಾನೆ. "ನೋಡಿದ್ರಾ? ಪೊಲೀಸ್ ಕ್ಯಾಮೆರಾ ಅಂದ್ಕೊಂಡ. ಇದು ನನ್ನ ಪುಕ್ಕಟೆ ಸಮಾಜಸೇವೆ" ಎಂದು ನಗುತ್ತಾರೆ.

ಕಚೇರಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ನೆರಳಕ್ಕ ಎಂದೇ. ನಗರಸಭೆಯ ಯೋಜನಾ ವಿಭಾಗದಲ್ಲಿ, ಝೆರಾಕ್ಸ್ ಯಂತ್ರದ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಇವರ ಮೇಜು. ಒಂದು ಬೀದಿಯಲ್ಲಿ ಕಟ್ಟಡ ಎದ್ದರೆ, ಮರ ಉರುಳಿದರೆ ಅಲ್ಲಿನ ಬಿಸಿಲು, ಗಾಳಿ, ಸೆಕೆ ಹೇಗೆ ಬದಲಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿ ನೋಡುವುದು ಇವರ ಕೆಲಸ. ಊರಿನ ಗಾಳಿ ಲೆಕ್ಕ ಹಾಕುವವರ ಕೋಣೆಗೇ ಗಾಳಿಯಿಲ್ಲವಲ್ಲ ಎಂದು, ಇವರ ಬಗ್ಗೆ ಬರೆಯಲೆಂದು ದಿನವಿಡೀ ಜೊತೆಗಿರುವ ನಾನು ಕೆಣಕಿದರೆ ಅವರಿಗೆ ಸಿಟ್ಟೇ ಬರುವುದಿಲ್ಲ. ದಿನಾ ಯಾರಾದರೊಬ್ಬರು ಹೇಳುತ್ತಾರಂತೆ.

ಅವರ ಬಳಿ ಇರುವುದು ಮೂರು ತಂತ್ರಾಂಶ. ಒಂದು, ಇಡೀ ಊರನ್ನು ಅರ್ಧ ಗಂಟೆಯಲ್ಲಿ ಬಣ್ಣಬಣ್ಣದ ನಕ್ಷೆ ಮಾಡಿ ಕೊಡುತ್ತದೆ. ಅಧಿಕಾರಿಗಳಿಗೆ ಅದೆಂದರೆ ಪ್ರಾಣ. ಇನ್ನೊಂದು, ಕಟ್ಟಡಗಳ ಮೂಲೆಯಲ್ಲಿ ಗಾಳಿ ಹೇಗೆ ತಿರುಗುತ್ತದೆ ಎಂದು ಹೇಳುತ್ತದೆ. ಮೂರನೆಯದು ಆಮೆ. ಬೀದಿಯ ಒಂದು ತುಂಡನ್ನಷ್ಟೇ ಹಿಡಿದು, ಬಿಸಿಲು, ಗೋಡೆ, ಡಾಂಬರುಗಳಿಂದ ಅಲ್ಲಿ ನಿಂತವರ ಮೈಗೆ ತಗಲುವ ಕಾವನ್ನು ಎರಡು ದಿನ ಎಣಿಸುತ್ತಾ ಕೂರುತ್ತದೆ. "ಯಾವುದು ಒಳ್ಳೇದು ಅಂತ ಎಲ್ರೂ ಕೇಳ್ತಾರೆ. ನಮ್ಮನೆಯವರು ಟೈಲರ್. ಅವರ ಹತ್ರ ನಾಲ್ಕು ಕತ್ತರಿ ಇದೆ. ಯಾವ ಕತ್ತರಿ ಒಳ್ಳೇದು ಅಂದ್ರೆ, ಏನು ಕತ್ತರಿಸ್ಬೇಕು ಹೇಳು ಅಂತಾರೆ. ಇದೂ ಅಷ್ಟೇ."

ಅಷ್ಟು ತಿಳಿದವರೂ ಕಳೆದ ತಿಂಗಳು ಎಡವಿದರು. ಹೊಸ ತಂಗುದಾಣಕ್ಕಾಗಿ ಈ ನಾಲ್ಕು ಮರ ಕಡಿಯಬಹುದೇ ಎಂದು ಮೇಲಿನವರು ಕೇಳಿದಾಗ, ಅವಸರದಲ್ಲಿ ಆ ಬಣ್ಣದ ನಕ್ಷೆಯ ತಂತ್ರಾಂಶವನ್ನೇ ಓಡಿಸಿದರು. ಮರ ಇದ್ದರೂ ಹೋದರೂ ಗಾಳಿಯ ಬಿಸಿಯಲ್ಲಿ ಒಂದು ಡಿಗ್ರಿಯೂ ವ್ಯತ್ಯಾಸವಿಲ್ಲ ಎಂಬ ಉತ್ತರ ಬಂತು, ವರದಿಯೂ ಹೋಯಿತು. ಆಮೇಲೆ ಎಂದಿನಂತೆ ಚೆಂಡುಗಳನ್ನಿಟ್ಟು ತಾಳೆ ನೋಡಿದರೆ ಕಥೆಯೇ ಬೇರೆ. ಮಧ್ಯಾಹ್ನ ಮೂರು ಗಂಟೆಗೆ ಬಿಸಿಲಿನಲ್ಲಿದ್ದ ಚೆಂಡು, ನೆರಳಿನ ಚೆಂಡಿಗಿಂತ ಹತ್ತು ಡಿಗ್ರಿ ಹೆಚ್ಚು ಕಾದಿತ್ತು! "ಗಾಳಿ ಎಷ್ಟು ಬಿಸಿ ಅಂತ ಕೇಳ್ದೆ. ಬಸ್ಸಿಗೆ ಕಾಯೋರ ಮೈ ಎಷ್ಟು ಸುಡತ್ತೆ ಅಂತ ಕೇಳ್ಬೇಕಿತ್ತು. ಪಾಪ, ಆ ತಂತ್ರಾಂಶಕ್ಕೆ ಅದು ಗೊತ್ತೇ ಇಲ್ಲ." ಕೂಡಲೇ ಆಮೆಯನ್ನು ಹಿಡಿದು ಎರಡನೇ ವರದಿ ಮಾಡಿದ್ದಾರೆ. ಮರಗಳ ಹಣೆಬರಹ ತೀರ್ಮಾನವಾಗುವ ಸಭೆ ಇವತ್ತೇ.

ಪಕ್ಕದಲ್ಲಿ ಬುಟ್ಟಿ ಇಳಿಸುತ್ತಿರುವ ಹಣ್ಣಿನಮ್ಮನಿಗೆ ಈ ವರದಿಗಳ ಕಥೆ ಗೊತ್ತಿಲ್ಲ; ಮರ ಕಡಿಯುವ ಸುದ್ದಿ ಮಾತ್ರ ಕಿವಿಗೆ ಬಿದ್ದಿದೆ. "ಮರ ಹೋದ್ರೆ ಮಧ್ಯಾಹ್ನಕ್ಕೇ ಹಣ್ಣು ಬೆಂದುಹೋಗತ್ತೆ, ನಾನೂ ಬೆಂದುಹೋಗ್ತೀನಿ. ಇನ್ನೆಲ್ಲಿಗೆ ಹೋಗ್ಲಿ ತಾಯಿ?" ನೆರಳಕ್ಕ ಬಗ್ಗಿ ಸ್ಟ್ಯಾಂಡಿನ ತಿರುಪು ಬಿಗಿಯುತ್ತಾರೆ.

ತಿಂಡಿಗೆಂದು ಅವರ ಮನೆಗೆ ಹೋದರೆ ಅತ್ತೆಯವರದ್ದು ಬೇರೆಯೇ ದೂರು. "ಊರಿನ ಸೆಕೆ ಎಲ್ಲಾ ಹೇಳ್ತಾಳೆ. ಒಗೆದ ಬಟ್ಟೆ ಸಂಜೆಗೆ ಒಣಗತ್ತಾ ಅಂತ ಕೇಳಿದ್ರೆ, ಯಾವ ತಂತ್ರಾಂಶದಲ್ಲಿ ನೋಡ್ಲಿ ಅತ್ತೆ ಅಂತ ನನ್ನನ್ನೇ ಕೇಳ್ತಾಳೆ!" ಸೊಸೆ ನಗುತ್ತಾರೆ, ಆದರೆ ತಟ್ಟೆಯಲ್ಲಿದ್ದದ್ದು ಅರ್ಧಕ್ಕರ್ಧ ಹಾಗೇ ಉಳಿಯುತ್ತದೆ.

ಸಭೆಯಲ್ಲಿ ಮುಖ್ಯ ಎಂಜಿನಿಯರ್ ಎರಡೂ ವರದಿಗಳನ್ನು ಎತ್ತಿ ಹಿಡಿಯುತ್ತಾರೆ. "ಎರಡೂ ನಿಮ್ಮದೇ ಅಲ್ವೇನಮ್ಮಾ? ಯಾವುದನ್ನ ನಂಬ್ಲಿ?"

"ಎರಡನೇದನ್ನ ಸರ್. ಮೊದಲನೇದಕ್ಕೆ ನಾನು ಆರಿಸಿದ ತಂತ್ರಾಂಶವೇ ತಪ್ಪು. ತಪ್ಪು ನಂದು, ಮರಗಳದ್ದಲ್ಲ."

ಯಾರೋ ಕಿಸಕ್ಕೆಂದು ನಗುತ್ತಾರೆ. ಎಂಜಿನಿಯರ್ ನಗುವುದಿಲ್ಲ. ಹುಬ್ಬುಗಂಟಿಕ್ಕಿ ಕೊನೆಯ ಪುಟದವರೆಗೂ ಓದಿ, ಪೆನ್ಸಿಲ್ ಕೇಳಿ ಪಡೆದು, ನಕ್ಷೆಯಲ್ಲಿ ತಂಗುದಾಣವನ್ನು ಮರಗಳ ಆಚೆಗೆ ಸರಿಸಿ ಗೆರೆ ಎಳೆಯುತ್ತಾರೆ. ನನಗಂತೂ ಎದ್ದು ಚಪ್ಪಾಳೆ ತಟ್ಟುವಷ್ಟು ಖುಷಿ.

ಸಭೆ ಗೆದ್ದರೂ ಮೂರು ಗಂಟೆಯ ಅಳತೆ ತಪ್ಪಿಸುವಂತಿಲ್ಲ. ನಾವು ನಿಲ್ದಾಣಕ್ಕೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲೇ ಬಂದಿದೆ. "ಮರ ಕಡಿಯಲ್ವಂತೆ ಕಣಮ್ಮಾ! ಡ್ರೈವರಣ್ಣ ಹೇಳಿದ" ಎಂದು ಹಣ್ಣಿನಮ್ಮ ಇಬ್ಬರ ಕೈಗೂ ಒಂದೊಂದು ಹೋಳು ತುರುಕುತ್ತಾರೆ. "ಮರದಿಂದ ಏನೂ ಉಪಯೋಗ ಇಲ್ಲ ಅಂತ ಯಾರೋ ಕೆಲಸ ಇಲ್ದೋರು ಬರೆದುಕೊಟ್ಟಿದ್ರಂತೆ. ಅಂಥೋರನ್ನ ಹಿಡಿದು ಒಂದಿನ ಬಿಸಿಲಲ್ಲಿ ನಿಲ್ಲಿಸ್ಬೇಕು!"

ನೆರಳಕ್ಕನಿಗೆ ನಗು ತಡೆಯಲಾಗುವುದಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, ಎರಡನೇ ಸ್ಟ್ಯಾಂಡ್ ಹೆಗಲಿಗೇರಿಸಿ, ಕಾದ ಡಾಂಬರಿನ ಕಡೆ ಹೊರಡುತ್ತಾ ಹಣ್ಣಿನಮ್ಮನಿಗೆ ಹೇಳುತ್ತಾರೆ:

"ನಿಂತಿದ್ದಾರೆ ಬಿಡಮ್ಮಾ. ಹದಿನೈದು ದಿನದಿಂದ ಬಿಸಿಲಲ್ಲೇ ನಿಂತಿದ್ದಾರೆ."