ಗಂಗಲಕ್ಷ್ಮಮ್ಮನ ಎರಡನೆಯ ಎಲೆ

ಹೊರಮಾವಿನ ಗಂಗಲಕ್ಷ್ಮಮ್ಮ ಬೆಂಗಳೂರು ದಂಡಿನ ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ಬುಟ್ಟಿ ಇಳಿಸಿದವಳೇ, ಬೋಣಿಗೂ ಮೊದಲು ಒಂದು ಗೇಣು ಕನಕಾಂಬರ ಕತ್ತರಿಸಿ ತನ್ನ ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಆಮೇಲೆಯೇ ಗಿರಾಕಿ. ಗಂಡ ಇದ್ದಾನೋ ಇಲ್ಲವೋ ಗೊತ್ತಿಲ್ಲದವಳಿಗೆ ಇದೇನು ಸೋಗು ಎಂದು ಸಾಲಿನ ಹೆಂಗಸರು ಮೂಗು ಮುರಿಯುತ್ತಿದ್ದರು. ಮುರಿಯಲಿ ಬಿಡಿ, ಅವರ ಮೂಗು. ಪಕ್ಕದಲ್ಲಿ ನಿಂಬೆಹಣ್ಣು ಗುಡ್ಡೆ ಹಾಕಿಕೊಂಡು ಕೂರುತ್ತಿದ್ದ ನೂರುನ್ನೀಸಾ ಮಾತ್ರ, ಒಂದು ದಿನ ಇವಳು ಹೂವು ಮುಡಿಯುವುದು ಮರೆತರೆ ತಾನೇ ಎತ್ತಿ ಕೊಡುತ್ತಿದ್ದಳು.

ಗಂಡ ಮುನಿಆಂಜನಪ್ಪ ಒಳ್ಳೆಯ ಆಳು. ಕಪಿಲೆ ಹೊಡೆದು ಸೇವಂತಿಗೆ ತೋಟಕ್ಕೆ ನೀರು ಹಾಯಿಸುತ್ತಿದ್ದ. ಆದರೆ ಬೂಟು ಕಂಡರೆ ಪ್ರಾಣ. ಹೂವಿನ ಗಾಡಿ ಹೊಡೆದುಕೊಂಡು ದಂಡಿಗೆ ಬಂದಾಗಲೆಲ್ಲ ಹಲಸೂರಿನ ಕಡೆ ಕವಾಯತು ನೋಡುತ್ತ ನಿಂತುಬಿಡುತ್ತಿದ್ದ. ಹಾಗೆ ನಿಂತವನು ಒಂದು ದಿನ ಒಳಗೇ ಹೋಗಿ ಪಟಾಲಮ್ಮಿಗೆ ಸೇರಿಕೊಂಡ. ಸೇತುವೆ ಕಟ್ಟುವ ಕೆಲಸ, ಗುಂಡು ಹೊಡೆಯುವುದಲ್ಲ ಎಂದು ಅವ್ವನನ್ನೂ ಹೆಂಡತಿಯನ್ನೂ ಒಪ್ಪಿಸಿ ಹಡಗು ಹತ್ತಿದ. ಸಿಂಗಾಪುರ ಜಪಾನಿನವರ ಕೈಗೆ ಬಿದ್ದ ಮೇಲೆ, ಹಲಸೂರಿನ ಹವಾಲ್ದಾರನೊಬ್ಬ ಇವಳಿಗೆ ಹೇಳಿದ್ದು ಒಂದೇ ಮಾತು: "ಮಿಸ್ಸಿಂಗ್".

"ಹಂಗಂದ್ರೇನು?" ಎಂದು ಅವಳು ನೂರುನ್ನೀಸಾಳನ್ನು ಕೇಳಿದಳು.

"ಗುಮ್, ಕಾಣೆ ಆಗವ್ರೆ ಅಂದವ್ರೆ. ಮೌತ್, ಸತ್ತೋದ್ರು ಅಂದಿಲ್ಲ. ಬಹಳ ಫರಕೈತೆ ಬೆಹೆನ್."

ಆ ಫರಕನ್ನೇ ಹಿಡಿದುಕೊಂಡು ಅವಳು ಬದುಕಿದಳು. ಬಾಯೊಳಗಿನ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಅತ್ತೆ ದೊಡ್ಡಮುನಿಯಮ್ಮನ ಸಂಕಟವೇ ಬೇರೆ. ಮುದುಕಿಗೆ ಕಣ್ಣು ಮುಚ್ಚಿದರೆ ಮಗ ಕಾಣುತ್ತಿದ್ದ. ತುಟಿ ಒಡೆದುಹೋಗಿ, ಬರಿಗಾಲಲ್ಲಿ, ನೀರು ಕೇಳುತ್ತ ನಿಂತಿರುತ್ತಿದ್ದ. ನಲವತ್ತನಾಲ್ಕರ ಮಹಾಲಯ ಹತ್ತಿರವಾದಾಗ ಅವಳು ಸೊಸೆಯ ಕೈ ಹಿಡಿದುಕೊಂಡಳು.

"ಗಂಗಾ, ಸೀರಂಗಪಟ್ಣಕ್ಕೆ ಹೋಗಿ ಹೊಳೇಲಿ ಅವನಿಗೆ ಒಂದು ಬೊಗಸೆ ನೀರು ಬಿಟ್ಟು ಬರಾನ ಕಣವ್ವ. ಬಾಯಾರ್ಕೊಂಡು ಅಲೀತವ್ನೆ."

"ಇರೋರಿಗೆ ಯಾರಾದ್ರೂ ಎಳ್ಳುನೀರು ಬಿಡ್ತಾರಾ ಅತ್ತೆಮ್ಮಾ?"

"ಇಲ್ದಿದ್ರೆ?"

ಸೊಸೆಯ ಪಾಲಿಗೆ ನೀರು ಬಿಟ್ಟರೆ ಗಂಡನನ್ನು ಕೊಂದಂತೆ, ಮುದುಕಿಯ ಪಾಲಿಗೆ ಬಿಡದಿದ್ದರೆ ಮಗನನ್ನು ಒಣಗಿಸಿ ಕೊಂದಂತೆ. ಇಬ್ಬರದೂ ಪ್ರೀತಿಯೇ. ಹೊರಡುವುದೆಂದು ತೀರ್ಮಾನವಾಯಿತು, ಆದರೆ ನೀರು ಬಿಡುತ್ತೇನೆ ಎಂಬ ಮಾತನ್ನು ಗಂಗಲಕ್ಷ್ಮಮ್ಮ ಕೊಡಲಿಲ್ಲ.

ಶ್ರೀರಂಗಪಟ್ಟಣ ಅವಳಿಗೆ ಹೊಸದಲ್ಲ. ಮದುವೆಯಾದ ವರ್ಷ ಗಂಡನ ಜೊತೆ ಬಂದಿದ್ದಳು. ಆಗ ಅವನು ತನ್ನ ಅಪ್ಪನಿಗೆ ನೀರು ಬಿಟ್ಟು, ಮರುದಿನ ನವರಾತ್ರಿಯ ಊಟ ಮುಗಿಸಿಕೊಂಡೇ ಹೋಗೋಣ ಎಂದು ಹಟ ಹಿಡಿದಿದ್ದ. ದಂಡಿನ ಹೂವಿನ ಮಂಡಿಯವರು ಕಟ್ಟಿಸಿದ ಛತ್ರ ಹೊಳೆಯ ದಂಡೆಯಲ್ಲೇ ಇತ್ತು. ಕಂಬಕ್ಕೊಂದು ಸಂಸಾರದಂತೆ ಚಾಪೆ ಹಾಸಿಕೊಂಡು ಮಲಗುವುದು, ಬೆಳಗ್ಗೆ ಕಾವೇರಿಯಲ್ಲಿ ಮುಳುಗು ಹಾಕುವುದು, ಮಧ್ಯಾಹ್ನ ಬಾಳೆಯೆಲೆ. ಕಡಲೆಬೇಳೆ ಪಾಯಸವನ್ನು ಮುನಿಆಂಜನಪ್ಪ ಮತ್ತೆ ಮತ್ತೆ ಹಾಕಿಸಿಕೊಂಡ ಚಂದ ನೋಡಿ ಬಡಿಸುವ ಮಾರಕ್ಕ, "ಇವ್ರನ್ನ ಹಂಡೆ ಪಕ್ಕದಲ್ಲೇ ಕೂರಿಸ್ಬೇಕಿತ್ತು" ಎಂದು ನಗಾಡಿದ್ದಳು. ಅಲ್ಲಿ ಹೆಂಗಸರ ಊಟಕ್ಕೆ ಒಂದು ಕಟ್ಟಳೆ. ಮೊದಲ ಪಂಕ್ತಿ ಮುತ್ತೈದೆಯರದು, ಎಲೆಯ ಮುಂದೆ ಕುಂಕುಮ, ಹೂವು. ಅವರೆದ್ದ ಮೇಲೆ ಗಂಡನಿಲ್ಲದವರದು. ಗಂಗಲಕ್ಷ್ಮಮ್ಮ ಆಗ ಮೊದಲ ಪಂಕ್ತಿಯಲ್ಲಿ ಕೂತು ಉಂಡಿದ್ದಳು. ಎರಡನೆಯದರ ಕಡೆ ತಿರುಗಿಯೂ ನೋಡಿರಲಿಲ್ಲ.

ಈ ಸಲ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಛತ್ರದಲ್ಲಿ ಅದೇ ಕಂಬವೇ ಸಿಕ್ಕಿತು, ಹಾಳಾದ್ದು. ಅಮಾವಾಸ್ಯೆಯ ಬೆಳಗ್ಗೆ ಹೊಳೆಯ ಮೆಟ್ಟಿಲ ಮೇಲೆ ಮುದುಕಿ ವಯಸ್ಸಾದ ಪುರೋಹಿತರೊಬ್ಬರನ್ನು ಹಿಡಿದು ವಿಷಯ ಹೇಳಿದಳು. ಅವರು ಎಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು.

"ಸುದ್ದಿ ಇಲ್ಲದವರಿಗೆ ಹನ್ನೆರಡು ವರ್ಷ ಕಾಯಬೇಕು ತಾಯಿ."

"ನಾನು ಹನ್ನೆರಡು ವರ್ಸ ಇರ್ತೀನಾ ಸ್ವಾಮಿ?"

ಪುರೋಹಿತರು ಎಳ್ಳಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಮಕ್ಕಳಿಲ್ಲ ಅಂದಮೇಲೆ ಹೆಂಡತಿ ಕೈಯಿಂದಲೇ ಆಗಬೇಕು. ಅವಳು ಒಪ್ಪಿದರೆ ನಾನು ಮಾಡಿಸುತ್ತೇನೆ. ಒಪ್ಪದಿದ್ದರೆ ಬಲವಂತ ಬೇಡ."

ಮುದುಕಿ ಸೊಸೆಯ ಕಾಲಿಗೆ ಬಗ್ಗಿದಳು. ಗಂಗಲಕ್ಷ್ಮಮ್ಮ ಗಾಬರಿಬಿದ್ದು ಅವಳನ್ನು ಎತ್ತಿದಳು, ಎತ್ತಿದ ಕೈಯನ್ನೇ ಪುರೋಹಿತರ ಮುಂದೆ ಚಾಚಿದಳು. ಎಳ್ಳು ಬಿತ್ತು, ನೀರು ಬಿತ್ತು. ಹೆಸರು ಹೇಳಿ ಎಂದಾಗ ಅವಳು ಅತ್ತೆಯ ಮುಖ ನೋಡಿದಳು. ಗಂಡನ ಹೆಸರು ಹೇಳುವ ರೂಢಿಯೇ ಇಲ್ಲ ನೋಡಿ. ಮುದುಕಿಯೇ ಹೇಳಿದಳು.

ಪಿಂಡವನ್ನು ಎಲೆಯ ಮೇಲಿಟ್ಟು ದೂರ ಸರಿದರು. ಕಾಗೆ ಮುಟ್ಟಿದರೆ ಸತ್ತವರಿಗೆ ತಲುಪಿತೆಂದು ನಂಬಿಕೆ. ಸುತ್ತಮುತ್ತ ಎಲ್ಲರ ಎಲೆಗೂ ಕಾಗೆ ಇಳಿಯುತ್ತಿತ್ತು, ಇವರದಕ್ಕೆ ಇಲ್ಲ. ಗೋಡೆಯ ಮೇಲೊಂದು ಕೂತು ಕತ್ತು ಕೊಂಕಿಸಿ ನೋಡುತ್ತಿತ್ತು, ಅಷ್ಟೇ. "ಬರಬೇಡ, ಬರಬೇಡ" ಎಂದು ಗಂಗಲಕ್ಷ್ಮಮ್ಮ ಒಳಗೊಳಗೇ ಬೇಡಿಕೊಂಡಳು. ಬರದಿದ್ದರೆ ಅವನು ಬದುಕಿದ್ದಾನೆ ಎಂದು ಅವಳ ಲೆಕ್ಕ. ಮುದುಕಿ ಮಾತ್ರ ಕೈಮುಗಿದು ಕರೆಯುತ್ತಲೇ ಇದ್ದಳು. "ಬಾರಪ್ಪಾ, ಅವ್ವನ ಮೇಲೆ ಕ್ವಾಪಾನಾ? ಹೋಗು ಅಂತ ಕಳಿಸಿಕೊಟ್ಟೋಳು ನಾನೇ ಅಂತ ಸಿಟ್ಟಾ?" ಕರೆದು ಕರೆದು ಗಂಟಲು ಬಿದ್ದುಹೋಯಿತು. ಆ ಬಿಸಿಲಲ್ಲಿ ಅವಳು ಮೆಟ್ಟಿಲಿಗೆ ಹಣೆ ಚಚ್ಚಿಕೊಳ್ಳತೊಡಗಿದಾಗ ಗಂಗಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ.

"ಬನ್ನಿ," ಎಂದಳು, ಊಟಕ್ಕೆ ಕರೆಯುವ ದನಿಯಲ್ಲೇ. "ಅವ್ವ ಅಳ್ತವ್ರೆ. ಬಂದು ಉಣ್ಣಿ."

ಕಾಗೆ ಇಳಿದು ಬಂದು ಪಿಂಡ ಕುಕ್ಕಿತು.

ಮುದುಕಿ ಕೆನ್ನೆ ಕೆನ್ನೆ ಬಡಿದುಕೊಂಡು ಸಂತೋಷದಿಂದ ಅತ್ತಳು. ಬಾ ಎಂದು ಕರೆದು ತಾನೇ ಗಂಡನನ್ನು ಸಾಯಿಸಿದೆ ಎಂದು ಗಂಗಲಕ್ಷ್ಮಮ್ಮನಿಗೆ ಅನ್ನಿಸಿತು. ಹಾಗನ್ನಿಸಿದ್ದು ಕೊನೆಯವರೆಗೂ ಹೋಗಲಿಲ್ಲ.

ಮರುದಿನ ನವರಾತ್ರಿ ಊಟಕ್ಕೆ ಮಾರಕ್ಕ ಮೊದಲ ಪಂಕ್ತಿ ಕೂರಿಸಿದಳು. ಹೊಳೆಯಲ್ಲಿ ನಡೆದದ್ದನ್ನು ಅವಳೂ ಕಂಡಿದ್ದಳು. ಹೆಂಗಸು ಎಳ್ಳುನೀರು ಬಿಟ್ಟಳೆಂದರೆ ಅದು ಗಂಡನಿಗೇ. ಕುಂಕುಮದ ತಟ್ಟೆ ಹಿಡಿದು ಗಂಗಲಕ್ಷ್ಮಮ್ಮನ ಮುಂದೆ ಬಂದವಳು ತಟ್ಟೆ ಚಾಚಲಾರದೆ ನಿಂತಳು. ಗಂಗಲಕ್ಷ್ಮಮ್ಮ ತಾನೇ ಎದ್ದು ಬಂದಳು. ಎರಡನೆಯ ಪಂಕ್ತಿಗೆ ಅತ್ತೆಯ ಮಗ್ಗುಲಲ್ಲಿ ಹೋಗಿ ಕೂತಾಗ ಮುದುಕಿ ಬೆಚ್ಚಿಬಿದ್ದಳು.

"ಇಲ್ಲಿಗ್ಯಾಕೆ ಬಂದೆ? ಏಳು! ಇದು ನಿನ್ ಸಾಲಲ್ಲ."

"ನೀವೇ ಅಲ್ವಾ ಅತ್ತೆಮ್ಮಾ ನೀರು ಬಿಡ್ಸಿದ್ದು?"

"ಬಾಯಾರಿದ್ದ, ನೀರು ಕೊಟ್ವಿ. ನನ್ ಮಗ ಸತ್ತ ಅಂತ ನಾನು ಯಾವಾಗಂದೆ?"

ಊಟದ ಮನೆಯೆಲ್ಲ ತಿರುಗಿ ನೋಡಿತು. ಆಡಿಕೊಳ್ಳುವವರ ಮುಂದೆ ಎಡವಿಬಿದ್ದ ಹಾಗಾಯಿತು. ಗಂಗಲಕ್ಷ್ಮಮ್ಮನಿಗೆ ಅತ್ತೆಯ ಮೇಲೆ ಕೆಂಡದಂಥ ಸಿಟ್ಟು ಬಂತು, ಮುದುಕಿಯ ಮುಖ ನೋಡಿದ ಕೂಡಲೇ ಅದು ಇಳಿದೂ ಹೋಯಿತು. ಎದ್ದು ಹೊಳೆಯ ಮೆಟ್ಟಿಲಿಗೆ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಮುದುಕಿಯೂ ಊಟ ಬಿಟ್ಟು ಬಂದಳು. ಇಬ್ಬರೂ ಹಸಿದುಕೊಂಡೇ ರೈಲು ಹತ್ತಿದರು.

ಯುದ್ಧ ಮುಗಿಯಿತು. ಸೆರೆಯಾಗಿದ್ದವರು ದಂಡಿನ ಸ್ಟೇಷನ್ನಿಗೆ ಬಂದಿಳಿಯುತ್ತಾರೆಂದು ಸುದ್ದಿ ಹಬ್ಬಿದಾಗಲೆಲ್ಲ ಗಂಗಲಕ್ಷ್ಮಮ್ಮ ಹೂವಿನ ಬುಟ್ಟಿಯನ್ನು ನೂರುನ್ನೀಸಾಳಿಗೆ ಒಪ್ಪಿಸಿ ಓಡುತ್ತಿದ್ದಳು. ಒಣಗಿದ ಕಡ್ಡಿಯಂತಾದ ಗಂಡಸರು ಇಳಿಯುತ್ತಿದ್ದರು. ಯಾರನ್ನು ಕೇಳಿದರೂ ಮುನಿಆಂಜನಪ್ಪ ಸತ್ತದ್ದನ್ನು ಕಂಡವರಿಲ್ಲ, ಬದುಕಿದ್ದನ್ನು ಕಂಡವರೂ ಇಲ್ಲ. ದೊಡ್ಡಮುನಿಯಮ್ಮ ಒಂದು ಚಳಿಗಾಲದಲ್ಲಿ, ಮಗನಿಗೆ ಬಿಸಿನೀರು ಕಾಯಿಸಿದ್ದೀಯಾ ಎಂದು ಸೊಸೆಯನ್ನು ಕೇಳುತ್ತ ಕಣ್ಣುಮುಚ್ಚಿದಳು. ಕಾಯಿಸಿದ್ದೀನಿ ಎಂದು ಗಂಗಲಕ್ಷ್ಮಮ್ಮ ಸುಳ್ಳು ಹೇಳಿ ಕಳುಹಿಸಿಕೊಟ್ಟಳು.

ಆಮೇಲೆ ಮಹಾಲಯಕ್ಕೆ ಅವಳೊಬ್ಬಳೇ ಪಟ್ಟಣಕ್ಕೆ ಹೋಗತೊಡಗಿದಳು. ಅತ್ತೆಯ ಹೆಸರಿನಲ್ಲಿ ನೀರು ಬಿಡಿಸಿ, ಛತ್ರದಲ್ಲಿ ಇಳಿದುಕೊಳ್ಳುತ್ತಿದ್ದಳು. ಊಟದ ಮನೆಯ ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಮಾರಕ್ಕನೇ ಹೊಳೆಯ ಮೆಟ್ಟಿಲಿಗೆ ಎಲೆ ತಂದು ಹಾಕುತ್ತಿದ್ದಳು. ನಲವತ್ತೊಂಬತ್ತರ ಅಮಾವಾಸ್ಯೆಯಂದು ಗಂಗಲಕ್ಷ್ಮಮ್ಮ, "ಇನ್ನೊಂದೆಲೆ ಹಾಕು ಮಾರಕ್ಕ, ಪಾಯಸ ಜಾಸ್ತಿ ಇರ್ಲಿ" ಎಂದಳು.

ಮಾರಕ್ಕ ಸೌಟು ಹಿಡಿದು ನಿಂತಳು. ಸತ್ತವರಿಗಿಡುವ ಎಡೆಯಾದರೆ ಬಡಿಸುವ ರೀತಿ ಬೇರೆ, ಇರುವವರ ಊಟವಾದರೆ ಬೇರೆ.

"ಎಡೆನಾ, ಊಟನಾ ತಾಯಿ?"

"ಬಡ್ಸು. ಬಂದೋರು ಉಣ್ತಾರೆ."

ಮಾರಕ್ಕ ಊಟದಂತೆಯೇ ಬಡಿಸಿ, ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮೆಟ್ಟಿಲುಗಳ ಉದ್ದಕ್ಕೂ ಜನ ಕೈಯೆತ್ತಿ ಕಾಗೆಗಳನ್ನು ಕರೆಯುತ್ತಿದ್ದರು. ಒಂದು ಕಾಗೆ ಹಾರಿ ಬಂದು ಆ ಎರಡನೆಯ ಎಲೆಯ ಹತ್ತಿರ ಕುಪ್ಪಳಿಸಿತು. ಗಂಗಲಕ್ಷ್ಮಮ್ಮ ಸೆರಗು ಬೀಸಿದಳು. ಅದು ಮತ್ತೆ ಬಂತು, ಇನ್ನೆರಡನ್ನು ಕರೆದುಕೊಂಡು ಬಂತು. ತಾನೂ ಉಣ್ಣದೆ, ಹೊತ್ತು ಇಳಿಯುವವರೆಗೂ ಅವಳು ಎಲೆಗೆ ಅಡ್ಡ ಕೂತು ಎರಡು ಕೈಯಲ್ಲೂ ಓಡಿಸುತ್ತಲೇ ಇದ್ದಳು.

"ಹೋಗ್, ಉಶ್! ಅವ್ರಿಗೆ ಕಣೋ ಇದು, ನಿಂಗಲ್ಲ."