ಇಂಗಿನ ಡಬ್ಬಿಯಲ್ಲಿದ್ದ ಹೊಲ

ಮೊನ್ನೆ ಕಪಾಟು ಒರೆಸುವಾಗ ಹಿಂದಿನ ಸಾಲಿನಿಂದ ಒಂದು ಹಳೆಯ ಇಂಗಿನ ಡಬ್ಬಿ ಉರುಳಿ ಬಂತು. ಒಳಗೆ ಇಂಗಿರಲಿಲ್ಲ. ಬೆಂಕಿಪೆಟ್ಟಿಗೆಯಷ್ಟು ಅಗಲದ, ಅದಕ್ಕಿಂತ ತೆಳ್ಳಗಿನ, ಬೂದು ಬಣ್ಣದ ಪ್ಲಾಸ್ಟಿಕ್ ತುಂಡೊಂದಿತ್ತು. ವಾಸನೆ ಮಾತ್ರ ಇನ್ನೂ ಘಮ್ಮೆನ್ನುತ್ತಿತ್ತು. "ಅಜ್ಜಿ, ಇದು ಕಸಾನಾ?" ಎಂದು ನೀವು ಕೇಳಿದಿರಿ, ಮಕ್ಕಳೇ. ಅದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಮಾತಿಗಿಂತ ಬರೆಯುವುದು ನನಗೆ ಸಲೀಸು.

ನಿಮ್ಮ ಅಜ್ಜನ ಕಾಯಿಲೆಗೆಂದು ಕಮಲಾಪುರದ ಹೊಲ ಮಾರಿದೆವು. ಹೊಲವೂ ಹೋಯಿತು, ಅವರೂ ಹೋದರು. ಆಮೇಲೆ ನಿಮ್ಮ ಸೋದರಮಾವನ ನೌಕರಿಗಾಗಿ ಕಲಬುರಗಿಗೆ ಬಂದು ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯೊಡತಿ. ಓಣಿಗೆಲ್ಲ ಅವರು ವೈನಿ, ಅಂದರೆ ಅತ್ತಿಗೆ. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಮುಂದಿನ ಕೋಣೆಯಲ್ಲಿ ಎರಡು ಟಿವಿ ಇಟ್ಟು ವಿಡಿಯೋ ಗೇಮ್ ಅಂಗಡಿ ಹಾಕಿದ್ದರು. ಕುಸನೂರಿನ ಕಡೆಯಿಂದ ಕಾಲೇಜು ಹುಡುಗರು ಬಂದು ಗಂಟೆಗಟ್ಟಲೆ ಆಡುತ್ತಿದ್ದರು.

ನಾನು ನೀರಿಗೆಂದು ಇಳಿದವಳು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಒಂದು ಮಧ್ಯಾಹ್ನ ಹುಡುಗರಿರಲಿಲ್ಲ. ವೈನಿಯೊಬ್ಬರೇ ಆಡುತ್ತಿದ್ದರು. ಟಿವಿಯಲ್ಲಿ ಹೊಲ, ಕೋಳಿ, ಒಂದು ಚಂದದ ಮನೆ... ನನಗೆ ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ.

"ಇಷ್ಟು ಒತ್ತೊತ್ತಾಗಿ ಬಿತ್ತಿದ್ರ ಹೆಂಗ ಬರ್ತದ್ರೀ ವೈನಿ?"

ಅವರು ತಿರುಗಿ ನೋಡಿ ನಕ್ಕರು. "ಅಯ್ಯ, ಮಾತು ಬರ್ತದ ನಿಂಗ! ಮೂಕಿ ಅಂತ ತಿಳ್ಕೊಂಡಿದ್ದೆ. ಬಾ ತಂಗಿ, ನೀನೇ ಬಿತ್ತಿ ತೋರ್ಸು."

ಹಾಗೆ ನನಗೂ ಟಿವಿಯೊಳಗೊಂದು ಹೊಲವಾಯಿತು. ಮೆಕ್ಕೆಜೋಳ ಹಾಕಿದೆ. ಒಂದು ಆಕಳು ಕಟ್ಟಿದೆ.

ಆಡಿದ್ದೆಲ್ಲ ನೀವು ಕಂಡ ಆ ಬೂದು ತುಂಡಿನಲ್ಲಿ, ಅಂದರೆ ಮೆಮೊರಿ ಕಾರ್ಡಿನಲ್ಲಿ, ಉಳಿಯುತ್ತಿತ್ತು. ಅದರಲ್ಲಿದ್ದವು ಹದಿನೈದೇ ಖಾನೆ, ಒಬ್ಬೊಬ್ಬರ ಆಟಕ್ಕೆ ಒಂದೊಂದು. ತುಂಬಿದ ಮೇಲೆ ಹೊಸಬರಿಗೆ ಜಾಗ ಬೇಕೆಂದರೆ ಹಳೆಯದೊಂದನ್ನು ಅಳಿಸಬೇಕು. ತಿಂಗಳು ಬಾರದವರದು ಹೋಗುತ್ತದೆಂದು ವೈನಿಯೇ ಕಾಯ್ದೆ ಮಾಡಿದ್ದರು. ಇಂಗಿನ ವಾಸನೆಗೆ ಹುಡುಗರು ಕೈಹಾಕುವುದಿಲ್ಲವೆಂದು ಕಾರ್ಡನ್ನು ಈ ಡಬ್ಬಿಯಲ್ಲಿಡುತ್ತಿದ್ದರು.

"ವೈನಿ, ನಂದು ತೆಗೀಬ್ಯಾಡ್ರಿ, ಆಖರಿ ಲೆವಲ್ ಅದ!" ಎಂದು ಹುಡುಗನೊಬ್ಬ ಗೋಗರೆಯುತ್ತಿದ್ದ.

"ಹೋದ ತಿಂಗಳೂ ಆಖರೀನೇ ಇತ್ತಲ್ಲೋ. ನಿನ್ನ ಆಖರಿ ಮುಗಿಯೂದು ಯಾವಾಗ?"

ಮರುವರ್ಷ ನಿಮ್ಮ ಅವ್ವನ ಬಾಣಂತನ ಬಂತು. ಕಮಲಾಪುರದ ನನ್ನ ಅಣ್ಣನ ಮನೆಯಲ್ಲಿ ಮೂರು ತಿಂಗಳು ಇರಬೇಕಾಯಿತು. ಹೊರಡುವಾಗ ನಾಚಿಕೊಂಡೇ ಕೇಳಿದೆ: "ವೈನಿ, ಜೋಳಕ್ಕ ನೀರು... ಆಕಳಿಗೆ ಮೇವು..."

ಅವರು ನಗಲಿಲ್ಲ. "ನೋಡ್ಕೋತೀನಿ. ನೀ ಹೋಗಿ ಬಾ" ಎಂದರು.

ಅಲ್ಲಿ ಕೂಸಿಗೆ ಎಣ್ಣೆ ಹಚ್ಚುವಾಗಲೂ ನನಗೆ ಅದೇ ಯೋಚನೆ. ವೈನಿ ಒಂದು ದಿನ ಮರೆತರೆ? ಒಂದು ಹೊಲ ಕಳೆದುಕೊಂಡವಳು ನಾನು. ಇದೂ ಒಣಗಿದರೆ?

ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದು ಮರಳಿದವಳೇ ಟಿವಿ ಮುಂದೆ ಕುಳಿತೆ. ಜೋಳ ನಾನು ಬಿಟ್ಟಷ್ಟೇ ಎತ್ತರ ಇತ್ತು. ಮಣ್ಣು ಇನ್ನೂ ಒದ್ದೆ. ಆಕಳು ದುಂಡಗೆ ನಿಂತಿತ್ತು.

"ಈಗ ತಾನೇ ನೀರು ಹಾಕೀರೇನ್ರೀ?" ಎಂದೆ.

ಪಕ್ಕದ ಟಿವಿಯಲ್ಲಿ ಆಡುತ್ತಿದ್ದ ಉದ್ದನೆಯ ಹುಡುಗ ಪಕಪಕ ನಕ್ಕ. "ಅಕ್ಕಾರ, ಬಂದ್ ಮಾಡಿದ್ರ ಒಳಗ ದಿನಾನೇ ಹೋಗಂಗಿಲ್ರಿ. ನೀರು ಯಾರು ಹಾಕ್ತಾರ? ನೀವು ಹೋದ ಮ್ಯಾಲೆ ಖಾನೆ ಸಾಲ್ದೆ ಜಗಳ ಆಯ್ತು. ಕಾಯ್ದೆ ಪ್ರಕಾರ ನಿಮ್ದೇ ತೆಗೀಬೇಕಿತ್ತು. ವೈನಿ ತಮ್ದು ಅಳಿಸಿ ನಮಗ ಜಾಗ ಕೊಟ್ರು."

ವೈನಿಯ ಹೊಲ! ಮೂರು ವರ್ಷ ಕೂತು ಬೆಳೆಸಿದ್ದು. ಆ ಕೋಳಿಗಳು, ಆ ಮನೆ...

"ಬಾಯಿ ಮುಚ್ಚೋ ಬಾಯಿಬಡಕ" ಎಂದು ಅವನನ್ನು ಗದರಿ, ವೈನಿ ಬಾಳೆಹಣ್ಣು ಸುಲಿಯುತ್ತ ನನ್ನತ್ತ ನೋಡಿದರು. "ನೋಡ್ಕೋ ಅಂದಿದ್ದಿ. ನೋಡ್ಕೊಂಡೆ. ಅದ್ರಾಗೇನದ?"

ನಾನು ಮೂರು ತಿಂಗಳು ಹೆದರಿದ್ದು ನೀರಿಗೆ. ಕುತ್ತು ಬಂದದ್ದು ಜಾಗದಿಂದ. ಒಳಗೆ ದಿನ ಸರಿಯುವುದಿಲ್ಲವೆಂದು ಗೊತ್ತಿದ್ದೂ ಅವರು ನನಗೆ ಹೇಳಿರಲಿಲ್ಲ. ಹೇಳಿದ್ದರೆ ಏನೂ ತಿಳಿಯದವಳೆಂದು ನಾನು ಎಷ್ಟು ಕುಗ್ಗುತ್ತಿದ್ದೆನೆಂದು ತಿಳಿದಿದ್ದರೇನೋ... ಆಮೇಲೆ ಅವರು ಹೊಸ ಹೊಲ ಹಾಕಲಿಲ್ಲ. ನನ್ನ ಪಕ್ಕ ಕುಳಿತು, "ಆ ಕಡಿ ಹಾಕು, ಈ ಕಡಿ ಹಾಕು" ಎನ್ನುತ್ತಿದ್ದರು.

ಮುಂದೆ ಹುಡುಗರ ಮನೆಗಳಿಗೇ ಕಂಪ್ಯೂಟರ್ ಬಂದವು. ಅಂಗಡಿ ಮುಚ್ಚಿತು. ವೈನಿ ತಮ್ಮ ಮಗಳ ಊರಿಗೆ ಹೊರಟ ದಿನ ಈ ಡಬ್ಬಿಯನ್ನು ನನ್ನ ಕೈಗಿಟ್ಟರು. "ಈಗ ಜಾಗಕ್ಕ ಜಗಳಾ ಇಲ್ಲ ತಂಗಿ" ಎಂದರು. ಕೆಲವು ವರ್ಷಗಳ ಮೇಲೆ ಅವರು ಹೋದ ಸುದ್ದಿ ಬಂತು.

ಫೋನು ತುಂಬಿತೆಂದು ನೀವು ಚಕಚಕ ಅಳಿಸುವುದನ್ನು ನೋಡುತ್ತಿರುತ್ತೇನೆ. ಯಾವುದನ್ನು ಉಳಿಸುತ್ತೀರಿ ಎಂದು ಇಣುಕುತ್ತೇನೆ, ಬೈಯಬೇಡಿ. ಹಳೆಯ ಯಂತ್ರ ಸಿಕ್ಕರೆ ಕಾರ್ಡು ಹಾಕಿ ನೋಡೋಣ ಎಂದಿದ್ದೀರಲ್ಲ, ನನಗೂ ಆಸೆಯಿದೆ. ಕಾರ್ಡು ಕೆಟ್ಟಿರದಿದ್ದರೆ ನನ್ನ ಜೋಳ ಅಷ್ಟೇ ಎತ್ತರ ಇರುತ್ತದೆ, ಮಣ್ಣು ಒದ್ದೆಯಿರುತ್ತದೆ, ಆಕಳು ಹಸಿದಿರುವುದಿಲ್ಲ.

ವೈನಿಯ ಹೊಲ ಮಾತ್ರ ಅದರಲ್ಲಿ ಸಿಗುವುದಿಲ್ಲ.