ಗಿರಣಿ ತಂಡದ ದಸ್ತಗೀರ ಉಸ್ತಾದರು

ಒಂದು ಒಳ್ಳೆಯ ಕೆಲಸಕ್ಕಾಗಿ ವರುಷಗಟ್ಟಲೆ ಹಂಬಲಿಸಿ, ಓದಿ, ವಾದಿಸಿ, ಗಂಟಲು ಹರಿದುಕೊಂಡವನು ಒಬ್ಬ. ಅದರ ಗೊಡವೆಯೇ ಇಲ್ಲದೆ ತನ್ನ ಪಾಡಿಗೆ ತಾನಿದ್ದು ಅದನ್ನು ಮಾಡಿ ಮುಗಿಸಿದವನು ಇನ್ನೊಬ್ಬ. ಓದುಗರೇ, ನೀವು ಹಾರ ಹಾಕುವುದು ಯಾರ ಕೊರಳಿಗೆ?

ಅವಸರದಿಂದ ಉತ್ತರಿಸಬೇಡಿ. ಕಾಲೇಜಿನ ಚರ್ಚಾಕೂಟದಲ್ಲಿ ಯಾವ ಪಕ್ಷವನ್ನು ಕೊಟ್ಟರೂ ಗೆಲ್ಲಿಸಿಕೊಂಡು ಬರುತ್ತಿದ್ದವನು ನಾನು. ಈ ಒಂದು ವಿಷಯದಲ್ಲಿ ಮಾತ್ರ ನನ್ನ ಪಕ್ಷವನ್ನು ನಾನೇ ಗೆಲ್ಲಿಸಲಾರದೆ ಇದ್ದೇನೆ. ಎದುರು ಪಕ್ಷದಲ್ಲಿ ನಿಂತವರು ದಸ್ತಗೀರ ಉಸ್ತಾದರು. ಅವರು ವಾದಿಸುವುದೇ ಇಲ್ಲ.

ಆಳಂದದ ಪೇಟೆಯ ಪರಸಿಗಲ್ಲುಗಳ ಮೇಲೆ ಅವರ ಬೂಟಿನ ಸದ್ದು ಅವರಿಗಿಂತ ಮೊದಲು ಬರುತ್ತಿತ್ತು. ಅಡಿಗೆ ತೊಗಲಿನ ಗುಬ್ಬಿ ಬಡಿದ, ಆಟಕ್ಕೆಂದೇ ಮಾಡಿದ ಬೂಟು ಅದು. ಅದನ್ನು ಅವರು ಮದುವೆಗೂ ಹಾಕಿಕೊಂಡು ಹೋಗುತ್ತಿದ್ದರು, ಸಂತೆಗೂ ಹಾಕಿಕೊಂಡು ಹೋಗುತ್ತಿದ್ದರು. ಮದರಂಗಿ ಹಚ್ಚಿದ ಗಡ್ಡ, ಮೊಣಕಾಲು ಮುಟ್ಟುವ ಖಾಕಿ ಚಡ್ಡಿ, ದೇಹಕ್ಕಿಂತ ಒಂದು ಹೆಜ್ಜೆ ಮುಂದೆ ನಡೆಯುವ ಎದೆ. ಪಲ್ಟನ್ನಿನಲ್ಲಿದ್ದಾಗ ಫುಟ್‌ಬಾಲ್ ಆಡಿ ಹೆಸರು ಮಾಡಿದವರಂತೆ. ಹಾಗೆಂದು ಹೇಳುತ್ತಿದ್ದವರೂ ಅವರೇ. “ಬಲಗಾಲ ಸರಕಾರದ್ದಿತ್ತರಿ, ಅಲ್ಲೇ ಸವದು ಹೋತು. ಎಡಗಾಲ ನನ್ನ ಖಾಸ್ ಸ್ವಂತದ್ದು. ಅದನ್ನ ನಿಮ್ಮ ಊರಿಗಿ ತಂದೀನಿ” ಎಂದು ಚಹದ ಅಂಗಡಿಯಲ್ಲಿ ಕುಳಿತವರಿಗೆಲ್ಲ ಆ ಕಾಲನ್ನು ಎತ್ತಿ ತೋರಿಸುತ್ತಿದ್ದರು. ಜನ ನೋಡುತ್ತಿದ್ದರು. ಕಾಲನ್ನು!

ಆಟ ಕಲಿಸಲೆಂದು ಅವರನ್ನು ಕರೆತಂದವರು ಹತ್ತಿ ಗಿರಣಿಯ ಸಾವ್ಕಾರರಾದ ನೀಲಕಂಠಪ್ಪನವರು. ಸೊಲ್ಲಾಪುರದಲ್ಲಿ ಗಿರಣಿಯವರ ಆಟ ಕಂಡು ಬಂದ ಮೇಲೆ ತಮಗೂ ಒಂದು ತಂಡ ಬೇಕೆಂಬ ಹುಚ್ಚು ಅವರಿಗೆ ಹತ್ತಿತು. ಹತ್ತಿ ಹಿಂಜುವುದಕ್ಕಲ್ಲ, ಚೆಂಡು ಒದೆಯುವುದಕ್ಕೇ ಹುಡುಗರಿಗೆ ಪಗಾರ ಗೊತ್ತಾಯಿತು. ಅಫಜಲಪುರದ ವರ್ತಕರೂ ಜೇವರ್ಗಿಯ ದಲಾಲರೂ ಛಲಕ್ಕೆ ಬಿದ್ದು ತಮ್ಮ ತಮ್ಮ ತಂಡ ಕಟ್ಟಿದರು. ದಸರೆ ಮುಗಿದು ಕರಿನೆಲ ಗಟ್ಟಿಯಾದಾಗ ಆಟದ ಹಂಗಾಮು ಆರಂಭ. ಎಳ್ಳಮವಾಸ್ಯೆಯ ಹೊತ್ತಿಗೆ, ಗೆದ್ದವರಿಗೆ ಕೊಡುವ ಬೆಳ್ಳಿಯ ಢಾಲು ಯಾರದೆಂದು ತೀರ್ಮಾನ.

ಅದೇ ವರುಷಗಳಲ್ಲಿ ನಾನು ಓದು ಮುಗಿಸಿ ಊರಿಗೆ ಮರಳಿ ತರುಣರ ಸಭೆಯೊಂದನ್ನು ಸ್ಥಾಪಿಸಿದ್ದೆ. ಅದರ ಧ್ಯೇಯ ಒಂದೇ: ನಮ್ಮೂರಿನ ತರುಣರು ಓಣಿಯ ಭೇದವೆಣಿಸದೆ ಒಂದೇ ಪಾತ್ರೆಯ ನೀರು ಕುಡಿಯುವುದನ್ನು ನಾನು ಕಣ್ಣಾರೆ ಕಾಣಬೇಕು. ಬಸವಣ್ಣನನ್ನು ನಿತ್ಯ ನೆನೆಯುವ ಮನೆಗಳಲ್ಲಿಯೇ ಸಮಗಾರನಿಗೆ ಎತ್ತರದಿಂದ ನೀರು ಸುರಿಯುವುದನ್ನು ನೋಡಿ ಬೆಳೆದ ನನಗೆ ಇದಕ್ಕಿಂತ ದೊಡ್ಡ ಕೆಲಸ ಯಾವುದೂ ಕಾಣಿಸಲಿಲ್ಲ. ಪ್ರತಿವಾರ ಸಂಜೆ ಮಠದ ಕಟ್ಟೆಯ ಮೇಲೆ ನಿಂತು ಮಾತನಾಡಿದೆ. ಪೂರ್ವಪಕ್ಷವನ್ನು ನಾನೇ ಹೂಡಿ ನಾನೇ ಖಂಡಿಸಿದೆ. ಹಿರಿಯರು ತಲೆದೂಗಿದರು, “ಭಾಳ ಚೊಲೊ ಮಾತಾಡ್ತೀರಿ ತಮ್ಮಾ” ಎಂದರು, ಮನೆಗೆ ಹೋಗಿ ಎಂದಿನಂತೆಯೇ ಇದ್ದರು.

ಇಷ್ಟಾದರೂ ಕೇಳುವವರಿದ್ದರು. ಉಸ್ತಾದರು ಬಂದ ಮೇಲೆ ಅವರೂ ಇಲ್ಲವಾದರು. ನನ್ನ ಸಭೆಯ ಸಮಯಕ್ಕೆ ಸರಿಯಾಗಿ ಗಿರಣಿಯ ಬಯಲಿನಲ್ಲಿ ಅವರ ಸೀಟಿ ಕೂಗುತ್ತಿತ್ತು. ಕಟ್ಟೆಯ ಮುಂದೆ ಕುಳಿತವರು ಒಬ್ಬೊಬ್ಬರಾಗಿ ಧೋತರ ಕೊಡವಿಕೊಂಡು ಏಳುತ್ತಿದ್ದರು. ಮತ್ಸರವೆಂಬುದು ಮೊದಲು ಹೊಟ್ಟೆಯಲ್ಲಿ ಹುಟ್ಟುವುದಿಲ್ಲ, ಕಿವಿಯಲ್ಲಿ ಹುಟ್ಟುತ್ತದೆ. ಆ ಸೀಟಿ ಇಂದಿಗೂ ನನ್ನ ಕಿವಿಯಲ್ಲಿದೆ. ಒಂದು ದಿನ ನೇರವಾಗಿ ಬಯಲಿಗೆ ಹೋಗಿ, ಅಭ್ಯಾಸದ ಹೊತ್ತನ್ನು ಬದಲಿಸಬೇಕೆಂದು ಕೇಳಿದೆ.

“ಬರ್ರಿ ವಕೀಲರ, ಬರ್ರಿ” ಎಂದರು.

“ನಾನು ವಕೀಲನಲ್ಲ.”

“ಅಷ್ಟ ಮಾತಾಡ್ತೀರಿ, ವಕೀಲರಲ್ದ ಮತ್ತೇನ್ರಿ? ನೀವ ಹೊತ್ತ ಬದಲ್ ಮಾಡ್ರಿ. ನಿಮ್ಮ ಮಾತು ಕತ್ತಲ್ದಾಗೂ ಕೇಳಸ್ತದ. ನನ್ನ ಚೆಂಡು ಕತ್ತಲ್ದಾಗ ಕಾಣಸ್ತದೇನ್ರಿ?”

ಹುಡುಗರು ನಕ್ಕರು. ಜೀವನದಲ್ಲಿ ನಾನು ಸೋತ ಮೊದಲ ವಾದ ಅದು.

ಅವರ ತಂಡದ ಮುಖ್ಯ ಆಟಗಾರ ಗುರಣ್ಣ, ಹತ್ತಿರದ ಮಟಕಿ ಹಳ್ಳಿಯ ಗೌಡರ ಮನೆಯವನು. ಗೋಲ್ ಕಾಯುವವನು ಸಮಗಾರ ಓಣಿಯ ಯಲ್ಲಪ್ಪ. ಹರಿದ ಚೆಂಡನ್ನು ಹೊಲಿದು ಕೊಡಲು ಬಂದಾಗ, ಉಸ್ತಾದರು ಅವನತ್ತ ತಿರುಗಿ ಎಸೆದದ್ದನ್ನು ಒಂದೇ ಕೈಯಲ್ಲಿ ಹಿಡಿದನಂತೆ. ಅಂದೇ ಅವನಿಗೆ ಪಗಾರ ಗೊತ್ತಾಯಿತು. ಕೈಯಿಂದ ಹಿಡಿಯುವವನು ಅವನೊಬ್ಬನೇ, ಉಳಿದವರು ಒದೆಯುವವರು, ಆದ್ದರಿಂದ ಯಾರೂ ಅಡ್ಡಿ ಹೇಳಲಿಲ್ಲ. ಅಡ್ಡಿ ಬಂದದ್ದು ಚೆಂಡು ಮೇಲಿನಿಂದ ಇಳಿದು ಬಂದಾಗ.

“ತಲಿಯಿಂದ ಹೊಡೀರಲೇ!” ಎಂದು ಉಸ್ತಾದರು ಕೂಗಿದರು. ಗುರಣ್ಣ ಪಕ್ಕಕ್ಕೆ ಸರಿದು ನಿಂತ.

“ಉಸ್ತಾದ್ರ, ಕಾಲಾಗ ಮೆಟ್ಟ ಹಾಕ್ತೇವಿ, ಖರೇ. ವಿಭೂತಿ ಹಚ್ಚಿದ ತಲಿಗಿ ತೊಗಲ ಹ್ಯಾಂಗ ಮುಟ್ಟಸಬೇಕ್ರಿ? ನಮ್ಮವ್ವ ಮನಿ ಒಳಗ ಬಿಟ್ಕೋಳಂಗಿಲ್ಲ.”

ನಾನಾಗಿದ್ದರೆ ಅಲ್ಲಿಯೇ ಒಂದು ಉಪನ್ಯಾಸ ಮಾಡುತ್ತಿದ್ದೆ. ಉಸ್ತಾದರು ಗಡ್ಡ ಕೆರೆದುಕೊಂಡು, “ರುಮಾಲ ಸುತ್ಕೋರಿ ಹಂಗಾದ್ರ. ಅರಿವಿ ಮುಟ್ಟತದ, ತಲಿ ಮುಟ್ಟಂಗಿಲ್ಲ” ಎಂದುಬಿಟ್ಟರು. ಮೌಢ್ಯದೊಂದಿಗೆ ಇಂಥ ರಾಜಿಯೇ? ಆ ವಾರ ಕಟ್ಟೆಯ ಮೇಲೆ ನಾನು ಅದನ್ನು ಕಟುವಾಗಿ ಖಂಡಿಸಿದೆ. ಕೇಳಲು ಇದ್ದವರು ಮಠದ ಪೂಜಾರಿ ಮತ್ತು ಒಬ್ಬ ಕಿವುಡ ಮುದುಕ.

ಹೀಗೆ ಅಫಜಲಪುರದ ಬಯಲಿಗೆ ನಮ್ಮ ತಂಡ ರುಮಾಲು ಸುತ್ತಿಕೊಂಡೇ ಇಳಿಯಿತು. “ದಿಬ್ಬಣ ಬಂತಲೇ! ಮದುಮಗಳ ಎಲ್ಲಿ?” ಎಂದು ಅಲ್ಲಿಯ ಜನ ಸಿಳ್ಳು ಹೊಡೆದರು. ರುಮಾಲು ಕಣ್ಣಿನ ಮೇಲೆ ಜಾರಿ ನಮ್ಮವರು ನಮ್ಮವರಿಗೇ ಡಿಕ್ಕಿ ಹೊಡೆದರು, ಹೀನಾಯವಾಗಿ ಸೋತರು. ನನಗೆ ದುಃಖವಾಯಿತೆಂದು ಬರೆದರೆ ಓದುಗರು ನಂಬಲಿಕ್ಕಿಲ್ಲ. ಮುಂದಿನ ಆಟ ನಮ್ಮೂರಿನಲ್ಲಿ, ಅದೇ ಅಫಜಲಪುರದವರ ಮೇಲೆ. ಗೋಲಿನ ಮುಂದೆ ಚೆಂಡು ಎತ್ತರದಿಂದ ಇಳಿಯುತ್ತಿರುವಾಗ ಗುರಣ್ಣನ ರುಮಾಲು ಬಿಚ್ಚಿ ಕೈಗೆ ಬಂತು. ಕಟ್ಟಿಕೊಳ್ಳಲು ವ್ಯವಧಾನವಿಲ್ಲ. ಅವನು ಅದನ್ನು ಬೀಸಿ ಒಗೆದು, ಬರಿಯ ಹಣೆಯನ್ನೇ ಕೊಟ್ಟ. ಗೋಲ್! ಬಲೆಯಿಂದ ಹೊರತೆಗೆದ ಚೆಂಡಿನ ಮೇಲೆ ಮೂರು ಬೆರಳ ವಿಭೂತಿ ಬೆಳ್ಳಗೆ ಮೂಡಿತ್ತು. ಅದನ್ನು ಒರೆಸಬೇಕೋ ಬೇಡವೋ ತಿಳಿಯದೆ ಜನ ನಿಂತರು. ಉಸ್ತಾದರು ಚಡ್ಡಿಗೆ ಉಜ್ಜಿ ಒರೆಸಿ, “ಆಟ ಚಾಲೂ ಮಾಡ್ರಿ” ಎಂದರು. ಅಂದು ಸಂಜೆ ಗುರಣ್ಣನ ತಾಯಿ ಅವನಿಗೆ ಅಂಗಳದಲ್ಲಿಯೇ ತಲೆಗೆ ನೀರು ಹಾಕಿ ಒಳಗೆ ಕರೆದುಕೊಂಡಳಂತೆ. ಆ ಮೇಲೆ ಯಾರೂ ರುಮಾಲು ಸುತ್ತಲಿಲ್ಲ.

ಆದರೂ ನೀರಿನ ಮಾತು ಬೇರೆಯಾಗಿಯೇ ಉಳಿದಿತ್ತು. ಆಟದ ನಡುವಿನ ವಿರಾಮದಲ್ಲಿ ಉಸ್ತಾದರದೊಂದು ಪದ್ಧತಿ: ಎಲ್ಲರೂ ಅವರ ಸುತ್ತ ಮಂಡಲವಾಗಿ ಕುಕ್ಕರಗಾಲಿನಲ್ಲಿ ಕೂಡಬೇಕು, ಅವರು ಹಿಮ್ಮಡಿಯಿಂದ ನೆಲದ ಮೇಲೆ ಗೆರೆ ಎಳೆದು ಬೈಯುತ್ತ ತಿದ್ದಬೇಕು, ಅಷ್ಟರಲ್ಲಿ ನೀರಿನ ತಾಮ್ರದ ಬಿಂದಿಗೆ ಕೈಯಿಂದ ಕೈಗೆ ಸುತ್ತಬೇಕು. ಯಲ್ಲಪ್ಪ ಮಾತ್ರ ದೂರ ಹೋಗಿ, ತನ್ನ ಕಾಕಾ ಹೊತ್ತು ತಂದ ಗಡಿಗೆಯಿಂದ ಕುಡಿದು ಬರುತ್ತಿದ್ದ.

ಕೊನೆಯ ಆಟ ಜೇವರ್ಗಿಯಲ್ಲಿ, ಢಾಲಿಗಾಗಿ. ಲಾರಿಯನ್ನು ದಂಡೆಯಲ್ಲಿ ಬಿಟ್ಟು ಭೀಮೆಯನ್ನು ಹರಗೋಲಿನಲ್ಲಿ ದಾಟಬೇಕು. ಮೊದಲು ತಂಡ ದಾಟಿತು. ಅಲ್ಲಿ ಭಾಷಣ ಮಾಡಲೆಂದು ಹೊರಟಿದ್ದ ನಾನೂ ದಾಟಿದೆ. ಗಡಿಗೆ ಹೊತ್ತ ಯಲ್ಲಪ್ಪನ ಕಾಕಾ ಮುಂದಿನ ಸರದಿಗೆ ಉಳಿದ. ಅಂಬಿಗ ಬುತ್ತಿ ಬಿಚ್ಚಿ ಕುಳಿತುಬಿಟ್ಟ. ಆಟ ಆರಂಭವಾದರೂ ಗಡಿಗೆ ಬರಲಿಲ್ಲ.

ವಿರಾಮದ ಹೊತ್ತಿಗೆ ನಾವು ಒಂದು ಗೋಲ್ ಹಿಂದೆ. ಅದು ಬಂದದ್ದು ಗುರಣ್ಣನೂ ಯಲ್ಲಪ್ಪನೂ ಒಬ್ಬರನ್ನೊಬ್ಬರು ನೋಡುತ್ತ ಚೆಂಡನ್ನು ಬಿಟ್ಟದ್ದರಿಂದ. ಉಸ್ತಾದರು ಯಲ್ಲಪ್ಪನ ರಟ್ಟೆ ಹಿಡಿದೆಳೆದು ಮಂಡಲದೊಳಗೆ ಗುರಣ್ಣನ ಪಕ್ಕದಲ್ಲಿ ಕೂಡಿಸಿದರು. “ಇಬ್ರೂ ಕೂಡೇ ಕೇಳ್ರಲೇ! ಅವಗೊಂದು ಇವಗೊಂದು ಹೇಳಾಕ ನನಗ ಎರಡ ಬಾಯಿ ಅದಾವೇನು?” ಬೈಗುಳ ಮಳೆಯಂತೆ ಸುರಿಯುತ್ತಿತ್ತು. ಬಿಂದಿಗೆ ಸುತ್ತುತ್ತ ಬಂತು. ಗುರಣ್ಣ ಕುಡಿದು, ಕಣ್ಣನ್ನು ಉಸ್ತಾದರ ಹಿಮ್ಮಡಿಯ ಗೆರೆಯಿಂದ ಎತ್ತದೆಯೇ, ಪಕ್ಕಕ್ಕೆ ಚಾಚಿದ. ಪಕ್ಕದಲ್ಲಿದ್ದವನು ಯಲ್ಲಪ್ಪ.

ಬಿಂದಿಗೆ ಅವನ ಕೈಯಲ್ಲಿ ನಿಂತಿತು. ಎಲ್ಲರೂ ಕಂಡರು. ಅವನು ಅದನ್ನು ಕೆಳಗಿಡಲೂ ಆರ, ಎತ್ತಲೂ ಆರ.

“ಏನ್ ನೋಡ್ತಿಲೇ? ಕುಡಿ, ಮುಂದ ಕೊಡು! ಹೊತ್ತಿಲ್ಲ!” ಎಂದು ಉಸ್ತಾದರು ಗುಡುಗಿದರು.

ಯಲ್ಲಪ್ಪ ಕುಡಿದ. ಮುಂದಿನವನಿಗೆ ಕೊಟ್ಟ. ಅವನು ಅತ್ತಿತ್ತ ನೋಡಿದ. “ನಿನಗೂ ಬ್ಯಾರೆ ಹೇಳಬೇಕೇನಲೇ?” ಎಂದರು ಉಸ್ತಾದರು. ಅವನೂ ಕುಡಿದ. ಬಿಂದಿಗೆ ಸುತ್ತು ಮುಗಿಸಿ ಮರಳಿ ಗುರಣ್ಣನ ಕೈಗೆ ಬಂದಾಗ ತಳದಲ್ಲಿ ತುಸು ನೀರು ಉಳಿದಿತ್ತು. ಅವನು ಒಮ್ಮೆ ಯಲ್ಲಪ್ಪನನ್ನು ನೋಡಿ, ಅದನ್ನೂ ಎತ್ತಿ ಕುಡಿದುಬಿಟ್ಟ.

ನನ್ನ ಬದುಕಿನ ಏಕೈಕ ಧ್ಯೇಯ ನನ್ನ ಕಣ್ಣೆದುರಿಗೆ ನೆರವೇರಿತು. ಆ ಮಂಡಲದ ಹೊರಗೆ ನಿಂತಿದ್ದ ಆಳಂದದವನು ನಾನೊಬ್ಬನೇ. ಕೈಯಲ್ಲಿ ಅದೇ ವಿಷಯದ ಮೇಲಿನ ಭಾಷಣವಿತ್ತು. ಸಂತೋಷಪಡಬೇಕಾದ ಗಳಿಗೆಯಲ್ಲಿ ಎದೆಯೊಳಗೆ ಮೆಣಸಿನಕಾಯಿ ಸುಟ್ಟಂತಾಯಿತು.

ಇನ್ನೊಂದು ಗೋಲ್ ಬಿಟ್ಟುಕೊಟ್ಟು ಆಟ ಸೋತೆವು. ಮರಳುವಾಗ ಹರಗೋಲಿನಲ್ಲಿ ಉಸ್ತಾದರ ಪಕ್ಕದಲ್ಲಿ ಕುಳಿತು, ತಡೆಯಲಾರದೆ ಕೇಳಿದೆ: “ಉಸ್ತಾದರೇ, ಇವತ್ತು ನೀವು ಏನು ಮಾಡಿದಿರಿ, ಗೊತ್ತಿದೆಯೇ?”

“ಗೊತ್ತದರಿ” ಎಂದರು, ನದಿಯನ್ನು ನೋಡುತ್ತ. “ಸೋತೆ.”

“ಅದಲ್ಲ, ನೀರು...”

“ನೀರ ಕುಡದ್ರ ಢಾಲ ಬರ್ತದೇನ್ರಿ ವಕೀಲರ? ಸುಮ್ಮನ ಕೂಡ್ರಿ, ಹರಗೋಲ ಅಲಗಾಡಾಕತ್ತದ.”

ಬೇಡದವನ ಉಡಿಗೆ ಬಿದ್ದಿತ್ತು ನಾನು ಬೇಡಿದ ಫಲ. ಅದನ್ನು ಅವರು ಬಗ್ಗಿ ನೋಡಲೂ ಇಲ್ಲ. ಇದಕ್ಕಿಂತ ದೊಡ್ಡ ಹೊಟ್ಟೆಕಿಚ್ಚಿಗೆ ಕಾರಣ ಬೇಕೆ?

ಊರು ಬದಲಾಯಿತೆಂದು ಹೇಳಲಾರೆ. ತಂಡ ಬದಲಾಯಿತು. ಮರುವರುಷ ಕಾಕಾ ಗಡಿಗೆ ಹೊರಲಿಲ್ಲ. ಬರಿಗೈಯಲ್ಲಿ ಬಂದು ಎಲ್ಲರಿಗಿಂತ ಜೋರಾಗಿ ಕೂಗಿದ. ಯುದ್ಧ ಬಂದು ಹತ್ತಿಯ ವ್ಯಾಪಾರ ಏರುಪೇರಾದಾಗ ಸಾವ್ಕಾರರು ಮೊದಲು ನಿಲ್ಲಿಸಿದ್ದು ಚೆಂಡಿನ ಪಗಾರ. ಉಸ್ತಾದರು ಹೊರಟ ದಿನ ಕಲಬುರ್ಗಿಯ ಬಸ್ಸಿಗೆ ಕಾಯುತ್ತ ನಿಂತಿದ್ದರು. ಬೀಳ್ಕೊಡಲು ಎಲ್ಲ ಓಣಿಗಳ ಜನ ಬಂದಿದ್ದರು. ನನ್ನ ಯಾವ ಸಭೆಗೂ ಅಷ್ಟು ಜನ ಬಂದದ್ದಿಲ್ಲ. ನಾಲ್ಕು ಮಾತು ಹೇಳಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, “ಖರೇ ಹೇಳ್ರಿ ವಕೀಲರ, ಜೇವರ್ಗ್ಯಾಗ ಆ ಎರಡನೇ ಗೋಲು, ಅದು ಗೋಲೇನ್ರಿ? ನೀವ ಅಲ್ಲೇ ಇದ್ರಿ. ಆ ಸೀಟಿ ಊದೊ ಪಂಚಗ ನೀವರೆ ನಾಲ್ಕ ಮಾತ ಹೇಳಬೇಕಿತ್ತು” ಎಂದರು. ಬಸ್ಸು ಬಂತು. ಕಿಟಕಿಯಿಂದಲೂ ಅದನ್ನೇ ಹೇಳುತ್ತ ಹೋದರು. ಆಮೇಲೆ ಅವರ ಸುದ್ದಿ ತಿಳಿಯಲಿಲ್ಲ.

ಈಗಲೂ ಸುತ್ತಲ ಊರುಗಳಿಂದ ಜನ ಬಂದು ಸಮಾನತೆಯ ಕುರಿತು ಮಾತನಾಡಲು ನನ್ನನ್ನು ಕರೆಯುತ್ತಾರೆ. ಅವರಲ್ಲಿ ನನ್ನದೊಂದು ಬಿನ್ನಹ: ಮೊದಲು ನಿಮ್ಮೂರಿನ ಎಲ್ಲ ಓಣಿಗಳ ಹುಡುಗರನ್ನು ಸೇರಿಸಿ ಒಂದು ತಂಡ ಕಟ್ಟಿರಿ. ಒಂದು ಹಂಗಾಮು ಆಡಿಸಿರಿ. ನನ್ನನ್ನು ಆಮೇಲೆ ಕರೆಯಿರಿ.